ಏಟು ತಿನ್ನುವ ಸದ್ದು

ನನ್ನನ್ನು ಹನ್ನೊಂದು ಸಲ ಕೊಂದಿದ್ದಾರೆ. ಎರಡು ಸಲ ನೀರಿನಲ್ಲಿ ಮುಳುಗಿಸಿ, ನಾಲ್ಕು ಸಲ ಗುಂಡಿಕ್ಕಿ, ಒಂದು ಸಲ ಹೆಲಿಕಾಪ್ಟರಿನಿಂದ ಕೆಳಗೆ ತಳ್ಳಿ. ಉಳಿದ ಸಾವುಗಳು ಹೇಗಾದವೆಂದು ನನಗೇ ಮರೆತುಹೋಗಿದೆ. ಇಷ್ಟು ಸಲ ಸತ್ತವಳಿಗೆ ಇನ್ನು ಯಾರ ಹೆದರಿಕೆ ಹೇಳಿ? ಆದ್ದರಿಂದ ಈ ಕತೆಯಲ್ಲಿ ಯಾರಿಗಾದರೂ ಎರಡು ಮಾತು ಜಾಸ್ತಿ ಬಿದ್ದರೆ ಕ್ಷಮೆಗಿಮೆ ಕೇಳುವವಳಲ್ಲ ನಾನು.

ನನ್ನ ಕೆಲಸ ಡಬ್ಬಿಂಗ್. ಹೊರದೇಶದ ಒಬ್ಬ ಗೂಢಚಾರನ ಸಿನಿಮಾಗಳು ಬರುತ್ತವಲ್ಲ, ಸೇಬು ಕಚ್ಚುತ್ತಾ ಬಾಂಬಿನ ತಂತಿ ಕತ್ತರಿಸುವವನು, ಅವನಿಗೆ ನಮ್ಮ ಭಾಷೆ ಕಲಿಸಿದ್ದು ನಮ್ಮ ಸ್ಟುಡಿಯೋ. ಹತ್ತೊಂಬತ್ತು ವರ್ಷ, ಆರು ಸಿನಿಮಾ. ಪ್ರತಿ ಸಿನಿಮಾದಲ್ಲೂ ಹೊಸ ಹೆಣ್ಣುಗಳು ಬರುತ್ತಾರೆ, ಅವನನ್ನು ಪ್ರೀತಿಸುತ್ತಾರೆ, ಸಾಯುತ್ತಾರೆ. ಮುಖ ಯಾರದಾದರೇನು, ಧ್ವನಿ ನನ್ನದೇ. ಅವನು ಮಾತ್ರ ಸಾಯುವುದಿಲ್ಲ. ಅವನ ಧ್ವನಿ ನಮ್ಮವರದು, ಅಂದರೆ ನನ್ನ ಗಂಡನದು.

ನಮ್ಮವರನ್ನು ನೀವು ನೋಡಬೇಕು. ಮೈಕಿನ ಮುಂದೆ ನಿಂತರೆ ಮೂರು ದೇಶದ ಸೈನ್ಯ ನಡುಗಬೇಕು, ಅಂಥ ಗಂಟಲು. ಮೈಕಿನಿಂದ ಎರಡು ಹೆಜ್ಜೆ ಆಚೆ ಬಂದರೆ ಜಿರಳೆ ಕಂಡು ಕುರ್ಚಿ ಹತ್ತುವ ಪ್ರಾಣಿ. ಕ್ಷೌರದವನು ತಲೆಯನ್ನು ಹೊಲ ಉತ್ತ ಹಾಗೆ ಮಾಡಿ ಕಳಿಸಿದರೂ 'ಚೆನ್ನಾಗಿದೆ, ಚೆನ್ನಾಗಿದೆ' ಎಂದು ತಲೆ ಸವರಿಕೊಂಡು ಬರುವವರು. ಸೇಬು ಕಂಡರೆ ಅವರಿಗಾಗದು. ಆದರೂ ಕಚ್ಚಿದ ಸದ್ದು ನಿಜವಾಗಿರಲಿ ಎಂದು ಆರು ಸಿನಿಮಾಕ್ಕೂ ಬುಟ್ಟಿಗಟ್ಟಲೆ ಸೇಬು ಕಚ್ಚಿ ಉಗುಳಿದ್ದಾರೆ. ಜನ್ಮದಲ್ಲಿ ಯಾರಿಗೂ 'ಆಗಲ್ಲ' ಅಂದವರಲ್ಲ. ನಮ್ಮ ಮದುವೆಯೂ ಹಾಗೆಯೇ ಆದದ್ದು. ಕೇಳಿದವಳು ನಾನು, ಹೂಂ ಅಂದವರು ಅವರು.

ಸ್ಟುಡಿಯೋ ಇರುವುದು ಒಂದು ಶಾಪಿಂಗ್ ಮಾಲ್‌ನ ಮೂರನೇ ಮಹಡಿಯಲ್ಲಿ. ನಗಬೇಡಿ. ಖಾಲಿ ಮಾಲ್‌ನಷ್ಟು ಸದ್ದಿಲ್ಲದ ಜಾಗ ಇಡೀ ಊರಿನಲ್ಲಿ ಇನ್ನೊಂದಿಲ್ಲ. ಒಂದು ಕಾಲದಲ್ಲಿ ಇಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಎಸ್ಕಲೇಟರ್ ಹತ್ತುವುದಕ್ಕೆಂದೇ ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ನಮ್ಮ ಮಹಡಿಯಲ್ಲಿ ನಾವು, ಎದುರಿಗೆ ಒಂದು ಕನ್ನಡಕದಂಗಡಿ, ಮೂಲೆಯಲ್ಲಿ ಟೀ ಮಾರುವ ಹೆಂಗಸು, ಅಷ್ಟೇ. ಮಿಕ್ಕವೆಲ್ಲ ಷಟರ್ ಎಳೆದು ಕೂತಿವೆ. ಹಾಸಿಗೆ ಅಂಗಡಿಯವನು ಗಂಟುಮೂಟೆ ಕಟ್ಟುವಾಗ ಬಿಟ್ಟುಹೋದ ಹಾಸಿಗೆಗಳನ್ನು ಎತ್ತಿ ತಂದು ನಮ್ಮ ಕೋಣೆಯ ಗೋಡೆಗಳಿಗೆ ಆನಿಸಿದೆವು. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ನಾನು ಸಾಯುವಾಗಿನ ಕಿರುಚಾಟ ಕನ್ನಡಕದಂಗಡಿಗೆ ಕೇಳುವುದಿಲ್ಲ. ಎಸ್ಕಲೇಟರ್ ನಿಂತು ಎರಡು ವರ್ಷವಾಯಿತು. ನಿಂತ ಎಸ್ಕಲೇಟರ್ ಹತ್ತಿ ನೋಡಿ, ಮೆಟ್ಟಿಲಿಗಿಂತ ಕಷ್ಟ. ಅದು ಚಲಿಸುತ್ತದೆಂದು ಕಾಲು ಪ್ರತಿಸಲ ನಂಬಿ ಪ್ರತಿಸಲ ಮೋಸಹೋಗುತ್ತದೆ. ಅದಕ್ಕೇ ಎಲ್ಲರೂ ಪಕ್ಕದ ಮೆಟ್ಟಿಲನ್ನೇ ಹಿಡಿಯುತ್ತಾರೆ.

ಮಾಲ್‌ನವರೇನು ಸುಮ್ಮನೆ ಕೂತಿಲ್ಲ. ಮೂರು ಸಲ ಹೆಸರು ಬದಲಾಯಿಸಿದರು. ಪ್ರತಿಸಲವೂ ಬಣ್ಣ, ಬಲೂನು, ಬಾಗಿಲಿನಲ್ಲಿ ಒಂದು ಬ್ಯಾಂಡು. ಒಂದು ವಾರ ಜನ ಬಂದು ಎಲ್ಲವನ್ನೂ ಮುಟ್ಟಿ ನೋಡಿ, ಹವಾನಿಯಂತ್ರಣದ ತಂಪಿನಲ್ಲಿ ಕೂತು, ಫೋನ್ ಚಾರ್ಜ್ ಮಾಡಿಕೊಂಡು ಹೋಗುತ್ತಿದ್ದರು. ಎಂಟನೇ ದಿನ ಮತ್ತೆ ನಾವು ಮೂರು ಮತ್ತೊಂದು ಜನ.

"ಸಿನಿಮಾದವರೂ ಇದನ್ನೇ ಮಾಡೋದು ಅಕ್ಕಾ," ಎಂದು ನಮ್ಮ ಸೌಂಡ್ ಎಂಜಿನಿಯರ್ ಒಮ್ಮೆ ಹೇಳಿದ. ಇವನನ್ನು ಎಲ್ಲರೂ ಕರೆಯುವುದು ಕಿವಿ ಎಂದೇ. ಪಕ್ಕದ ಕಟ್ಟಡದಲ್ಲಿ ಫ್ರಿಜ್ ಶುರುವಾದರೂ ಹೇಳಬಲ್ಲ ಪುಣ್ಯಾತ್ಮ. "ಹೊಸ ಕತೆ ಮಾಡೋಕೆ ಭಯ, ಹಳೇದನ್ನ ಬಿಡೋಕೂ ಭಯ. ಅದಕ್ಕೇ ಅದೇ ಗೂಢಚಾರನ್ನ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಮತ್ತೆ ತರ್ತಾರೆ. ಅದಕ್ಕೆ ರೀಬೂಟ್ ಅಂತಾರೆ."

"ಇಸ್ತ್ರಿ ಹಾಕ್ಲಿ ಬಿಡೋ. ಇಲ್ಲಿ ಮೂರು ಸಲ ಹೆಸರು ಬದಲಾಯ್ತು, ಎರಡನೇ ಮಹಡಿ ಟಾಯ್ಲೆಟ್ ಇನ್ನೂ ಸೋರ್ತಾನೇ ಇದೆ."

"ಅದೂ ನಿಜ. ಮಾಲ್‌ಗೆ ಬಣ್ಣ ಬಳೀತಾರೆ, ಗೂಢಚಾರಂಗೆ ಕಣ್ಣೀರು ಬಳೀತಾರೆ. ಹೊಸಬ ತುಂಬಾ ಅಳ್ತಾನಂತೆ, ಅವರಮ್ಮನ ನೆನಪು ಬಂದು."

ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆ ನಗು ಒಂದು ವಾರವೂ ಉಳಿಯಲಿಲ್ಲ. ಹೊಸದಾಗಿ ಶುರುಮಾಡುವುದು ಎಂದರೆ ಹಳಬರನ್ನು ಮನೆಗೆ ಕಳಿಸುವುದಕ್ಕೆ ಇಟ್ಟ ಮರ್ಯಾದಸ್ಥ ಹೆಸರು ಎನ್ನುವುದು ನನಗೆ ತಿಳಿದದ್ದು ಕಂಪನಿ ಹುಡುಗಿ ಬಂದ ದಿನ.

ಈ ಹುಡುಗಿ ಸಿನಿಮಾ ಹಂಚುವ ಕಂಪನಿಯವಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಕೈಯಲ್ಲಿ ಎರಡು ಫೋನು, ಮಾತಿಗೊಮ್ಮೆ 'ಆ್ಯಕ್ಚುಲಿ'. ಹೊಸ ನಾಯಕನಿಗೆ ಇಪ್ಪತ್ತೊಂಬತ್ತು ವರ್ಷವಂತೆ, ಆದ್ದರಿಂದ ಧ್ವನಿಯೂ ಹೊಸದಾಗಬೇಕಂತೆ. ಟೀವಿಯ ಒಬ್ಬ ಸ್ಟಾರ್ ಒಪ್ಪಿಕೊಂಡಿದ್ದಾನಂತೆ. ಅವನ ಮುಖ ಪೋಸ್ಟರಿನ ಮೇಲೂ ಬರುತ್ತದಂತೆ. ಹೆಣ್ಣುಗಳಿಗೂ ಹೊಸ ಧ್ವನಿ. ನನಗೆ ಮಾತ್ರ ಮೇಲ್ವಿಚಾರಣೆ: ತುಟಿಗೆ ಕೂರುವಂತೆ ಮಾತು ಬರೆಯುವುದು, ಮೈಕಿನ ಮುಂದೆ ನಿಂತವರಿಂದ ಕೆಲಸ ತೆಗೆಸುವುದು.

"ಇವ್ರು?" ಎಂದೆ, ನಮ್ಮವರ ಕಡೆ ಗಲ್ಲ ತೋರಿಸಿ. ಅವರು ಪಕ್ಕದಲ್ಲೇ ಕೂತಿದ್ದರು.

"ಆ್ಯಕ್ಚುಲಿ ಸರ್‌ಗೆ ನಾವೆಲ್ಲ ತುಂಬಾ ಋಣಿಯಾಗಿದೀವಿ," ಎಂದಳು ಹುಡುಗಿ. ಋಣಿ ಎಂಬ ಪದ ಬಂತೆಂದರೆ ಕತೆ ಮುಗಿಯಿತೆಂದೇ ಲೆಕ್ಕ.

ನಮ್ಮವರು ಏನಂದರು ಗೊತ್ತೇ? "ಪರವಾಗಿಲ್ಲಮ್ಮಾ. ಹೊಸಬರಿಗೂ ಅವಕಾಶ ಬೇಕಲ್ವಾ." ಅಷ್ಟು ಹೇಳಿ ಆಕೆಗೆ ಟೀ ತರಿಸಿಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯ ಮೇಲಲ್ಲ, ಇವರ ಮೇಲೆ.

ಅವತ್ತಿನಿಂದ ಮನೆಯಲ್ಲಿ ಅವರು ಬಾಯಿಗೆ ಬೀಗ ಹಾಕಿಕೊಂಡರು. ಜಗಳವಿಲ್ಲ, ಗೊಣಗಾಟವಿಲ್ಲ. ಬೆಳಿಗ್ಗೆ ಎದ್ದವರೇ ಸ್ಟೂಲು ಹತ್ತಿ ಫ್ಯಾನ್ ಒರೆಸುವುದು. ಫ್ಯಾನ್ ಮುಗಿದರೆ ಕಿಟಕಿ, ಕಿಟಕಿ ಮುಗಿದರೆ ನಲ್ಲಿ. ನಾನು ಸ್ಟುಡಿಯೋಗೆ ಹೊರಟರೆ "ಹುಷಾರು" ಎನ್ನುವುದು, ಬಂದರೆ "ಊಟ ಮಾಡು" ಎನ್ನುವುದು. ಹತ್ತೊಂಬತ್ತು ವರ್ಷ ಜಗತ್ತನ್ನು ಉಳಿಸಿದ ಮನುಷ್ಯನ ಪಾಲಿಗೆ ಉಳಿದದ್ದು ಈ ಎರಡು ಮಾತು. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದರು. ನಾನು ಕೇಳಿದರೆ "ಸೆಕೆ" ಎನ್ನುತ್ತಿದ್ದರು. ಈ ಮನುಷ್ಯ ಹೀಗೇ ಒಣಗಿಹೋಗುತ್ತಾರೆ ಎಂದು ನನಗೆ ನಿಜವಾಗಿಯೂ ಭಯವಾಯಿತು. ಅವರಿಗೆ ಆ ಗೂಢಚಾರನನ್ನು ವಾಪಸ್ ಕೊಡಿಸದಿದ್ದರೆ ಅವರು ನನಗೂ ಸಿಗುವುದಿಲ್ಲ ಅನ್ನಿಸಿತು.

ಸ್ಟಾರ್ ಬಂದ. ಹಾಳಾದವನು ಚೆನ್ನಾಗಿಯೇ ಮಾತಾಡಿದ, ಅದೇ ನನ್ನ ದುಃಖ. ಬಿಸಿನೀರಿನ ಬಾಟಲಿ, ಕೊರಳಿಗೆ ಶಾಲು, ಜೊತೆಗೆ ಅವನ ಮ್ಯಾನೇಜರ್. ಎರಡೂವರೆ ದಿನದಲ್ಲಿ ಮಾತೆಲ್ಲ ಮುಗಿಸಿದ. ಆದರೆ ಈ ಹೊಸಕಾಲದ ಗೂಢಚಾರ ಇದ್ದಾನಲ್ಲ, ಅವನು ಮಾತಾಡುವುದಕ್ಕಿಂತ ಹೆಚ್ಚು ಏಟು ತಿನ್ನುತ್ತಾನೆ. ಹಳಬ ಏಟು ಕೊಟ್ಟು ಕೋಟು ಝಾಡಿಸಿಕೊಂಡು ಹೋಗುತ್ತಿದ್ದ. ಇವನನ್ನು ಮೆಟ್ಟಿಲ ಮೇಲಿಂದ ಉರುಳಿಸುತ್ತಾರೆ, ಕಾರಿನ ಬಾಗಿಲಿಗೆ ಸಿಕ್ಕಿಸುತ್ತಾರೆ, ಕೊನೆಗೆ ನೆಲಮಾಳಿಗೆಯಲ್ಲಿ ಕುರ್ಚಿಗೆ ಕಟ್ಟಿ ನಾಲ್ಕು ನಿಮಿಷ ಒಂದೇ ಸಮನೆ ಬಡಿಯುತ್ತಾರೆ. ಆ ನಾಲ್ಕು ನಿಮಿಷ ಅವನಿಗೆ ಮಾತೇ ಇಲ್ಲ. ಬರೀ ಉಸಿರು, ನರಳಾಟ, ಹಲ್ಲು ಕಚ್ಚುವ ಸದ್ದು. ಅದನ್ನೂ ಮಾತು ಡಬ್ ಮಾಡಿದವನೇ ಮಾಡಬೇಕು. ಮೂಲದಲ್ಲಿರುವ ನರಳಾಟ ಅಲ್ಲಿನ ನಟನ ಗಂಟಲಿನದು, ಅದಕ್ಕೆ ನಮ್ಮ ಮಾತು ಅಂಟಿಸಿದರೆ ಒಂದೇ ದೇಹದಲ್ಲಿ ಇಬ್ಬರು ಕೂತ ಹಾಗಾಗುತ್ತದೆ. ಡಬ್ಬಿಂಗ್‌ನಲ್ಲಿ ನಿಜವಾದ ಕೆಲಸ ಇದೇ. ಮಾತು ಯಾರು ಬೇಕಾದರೂ ಆಡಬಹುದು, ಏಟು ತಿನ್ನುವುದಕ್ಕೆ ಕಸುಬು ಬೇಕು.

ಸ್ಟಾರ್ ಒಂದು ಸಲ ನರಳಿದ. ಬಿಸಿ ಕಾಫಿ ಗುಟುಕರಿಸಿ ಖುಷಿಪಟ್ಟವನ ಸದ್ದು ಅದು. ಇನ್ನೊಂದು ಸಲ ಮಾಡಿಸಿದೆ. ಕಾಫಿಗೆ ಸಕ್ಕರೆ ಹೆಚ್ಚಾಯಿತು, ಅಷ್ಟೇ.

"ಗಂಟಲು ಹಾಳಾಗತ್ತೆ ಮೇಡಮ್. ನಾಳೆಯಿಂದ ಹೊರಗಡೆ ಶೂಟಿಂಗು," ಎಂದು ಶಾಲು ಸರಿಮಾಡಿಕೊಂಡ. "ಇದನ್ನೆಲ್ಲ ಯಾರಾದ್ರೂ ಮಾಡ್ತಾರಲ್ವಾ?"

ಯಾರಾದರೂ! ಬಾಗಿಲಿನವರೆಗೆ ಹೋಗಿ ಅವನಿಗೆ ಮುಖದ ಮೇಲೆ ಹೊಡೆದ ಹಾಗೆ ಏನೋ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದ.

ಕಂಪನಿ ಹುಡುಗಿ ಸಂಜೆ ಫೋನ್ ಮಾಡಿದಳು. "ಮೇಡಮ್, ಆ ಸದ್ದುಗಳನ್ನ ಮಾತ್ರ ಸರ್ ಮಾಡಿಕೊಡ್ತಾರಾ? ಒಂದಿನದ ಕೆಲಸ."

"ಮಾತು ಅವನದು, ಏಟು ನಮ್ಮವರದಾ?"

"ಆ್ಯಕ್ಚುಲಿ ಯಾರಿಗೂ ಗೊತ್ತಾಗಲ್ಲ ಮೇಡಮ್."

"ಗೊತ್ತಾಗಲ್ಲ ಅನ್ನೋದೇ ನನ್ನ ಹೊಟ್ಟೆ ಉರಿ. ಕಾಗದಾನಾದ್ರೂ ಕಳಿಸ್ತೀರೋ ಇಲ್ವೋ?"

"ಸದ್ದಿಗೆಲ್ಲ ಯಾಕೆ ಮೇಡಮ್ ಅಗ್ರಿಮೆಂಟು," ಎಂದು ಆ ಹುಡುಗಿ ನಿಜಕ್ಕೂ ಆಶ್ಚರ್ಯದಿಂದ ಕೇಳಿದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಎಲ್ಲವನ್ನೂ ಕಕ್ಕಿದೆ. ನಮ್ಮವರು ಸ್ಟೂಲಿನ ಮೇಲಿದ್ದರು, ಕೈಯಲ್ಲಿ ಒದ್ದೆ ಬಟ್ಟೆ. ಪೂರ್ತಿ ಕೇಳಿದರು. ನಾನು ಬೈದು ಸುಸ್ತಾಗಿ ಕೂತಮೇಲೆ ಕೇಳಿದರು:

"ಎಷ್ಟು ಗಂಟೆಗೆ ಬರ್ಬೇಕಂತೆ?"

"ನಿಮಗೇನು ಮಾನ ಮರ್ಯಾದೆ ಇಲ್ವೇನ್ರೀ?"

ಅವರು ನಿಧಾನ ಕೆಳಗಿಳಿದರು. ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹರಡಿದರು. "ಅವನಿಗೆ ಏಟು ಬಿದ್ದಾಗೆಲ್ಲ ನನಗೇ ಬಿದ್ದಿರೋದು ಕಣೆ. ಬೇರೆ ಯಾರಾದ್ರೂ ಕಾಟಾಚಾರಕ್ಕೆ ಮಾಡಿ ಹೋಗ್ತಾರೆ. ಅದು ನನ್ನ ಕೈಲಿ ನೋಡಕ್ಕಾಗಲ್ಲ."

ಹದಿನೆಂಟು ದಿನದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಎದ್ದು ಅನ್ನಕ್ಕಿಟ್ಟೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಸ್ಟುಡಿಯೋದಲ್ಲಿದ್ದೆವು. ಕಿವಿ ಅವರನ್ನು ಕಂಡವನೇ ಬಾಗಿಲಿಗೆ ಓಡಿಬಂದು ಅವರ ಚೀಲ ತೆಗೆದುಕೊಂಡ. ನಮ್ಮವರು ಹಳೆಯ ಪದ್ಧತಿಯಂತೆ ಹೊಟ್ಟೆಗೆ ಬೆಲ್ಟ್ ಬಿಗಿದರು, ಗುದ್ದು ಬಿದ್ದ ಸದ್ದು ಅಲ್ಲಿಂದ ಬರಬೇಕು. ಬಾಯಿಗೆ ಬಟ್ಟೆ ತುರುಕಿದ ದೃಶ್ಯಕ್ಕೆ ನಿಜವಾಗಿಯೂ ಟವೆಲ್ ಕಚ್ಚಿದರು. ಮೆಟ್ಟಿಲಿನಿಂದ ಉರುಳುವುದಕ್ಕೆ ಗೋಡೆಗಿದ್ದ ಒಂದು ಹಾಸಿಗೆ ಕೆಡವಿಸಿ ಅದರ ಮೇಲೆ ಬಿದ್ದರು. ಐವತ್ತೆಂಟು ವರ್ಷದ ಮನುಷ್ಯ. ನಾನು ಗಾಜಿನ ಈಚೆ ಕೂತು, ಹಲ್ಲು ಬಿಗಿಹಿಡಿದು, "ಇನ್ನೊಂದು ಸಲ ರೀ, ಬೀಳೋದು ಅರ್ಧ ಕ್ಷಣ ಮುಂಚೆ ಆಯ್ತು" ಎಂದು ಹೇಳುತ್ತಿದ್ದೆ. ಗಂಡ ಅಂತ ಕೆಲಸದಲ್ಲಿ ಬಿಟ್ಟುಕೊಟ್ಟವಳಲ್ಲ ನಾನು.

ಮಧ್ಯಾಹ್ನ ನೆಲಮಾಳಿಗೆಯ ದೃಶ್ಯಕ್ಕೆ ಬಂದೆವು. "ಕೈ ಕಟ್ಟಪ್ಪಾ," ಎಂದರು ಕಿವಿಗೆ. "ಕೈ ಬಿಡಿಯಾಗಿದ್ರೆ ನೋವು ಆಚೆ ಹೋಗ್ಬಿಡತ್ತೆ." ಕಿವಿ ಕುರ್ಚಿಯ ಬೆನ್ನಿಗೆ ಅವರ ಕೈಗಳನ್ನು ಕೇಬಲ್ಲಿನಿಂದ ಕಟ್ಟಿ ಬಂದು ಕೂತ. ತೆರೆಯ ಮೇಲೆ ಏಟು ಶುರುವಾಯಿತು.

ಆ ನಾಲ್ಕು ನಿಮಿಷದ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ನಿಮಿಷ ಅದು ಕಸುಬು, ನನಗೆ ಗೊತ್ತಿದ್ದ ಕಸುಬು. ಆಮೇಲಿನದು ಕಸುಬಾಗಿರಲಿಲ್ಲ. ಒಬ್ಬ ಮನುಷ್ಯ ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ಒಂದೊಂದಾಗಿ ಗಂಟಲಿಗೆ ಬರುತ್ತಿತ್ತು. 'ಚೆನ್ನಾಗಿದೆ' ಎಂದದ್ದು, 'ಪರವಾಗಿಲ್ಲಮ್ಮಾ' ಎಂದದ್ದು, ಫ್ಯಾನ್ ಒರೆಸಿದ ಹದಿನೆಂಟು ಬೆಳಗುಗಳು. ನನ್ನ ಕೈಯಲ್ಲಿದ್ದ ಪೆನ್ಸಿಲ್ ಎರಡು ತುಂಡಾದದ್ದು ಆಮೇಲೆ ನೋಡಿಕೊಂಡೆ. ತೆರೆಯ ಮೇಲೆ ಬಡಿಯುವವನು ಸುಸ್ತಾಗಿ, ಇವನು ಸತ್ತನೆಂದುಕೊಂಡು ಬಾಗಿಲ ಕಡೆ ತಿರುಗುತ್ತಾನೆ. ಗೂಢಚಾರ ತಲೆ ಎತ್ತುತ್ತಾನೆ. ಅಲ್ಲಿಗೆ ನಮ್ಮವರ ಕೆಲಸ ಮುಗಿಯಿತು. ಮುಂದಿನ ಮಾತು ಸ್ಟಾರ್ ಆಗಲೇ ಹೇಳಿಹೋಗಿದ್ದ.

ಆದರೆ ಹತ್ತೊಂಬತ್ತು ವರ್ಷ ಒಂದೇ ಬಾಯಿಗೆ ದುಡಿದವರಿಗೆ ಆ ಬಾಯಿ ತೆರೆದಾಗ ಸುಮ್ಮನಿರುವುದು ಹೇಗೆ? ತುಟಿ ಅಲುಗಿತು, ನಮ್ಮವರೂ ಮಾತಾಡಿಬಿಟ್ಟರು. ಬರೆದದ್ದು ನಾನೇ, ಆದರೂ ಮೊದಲ ಸಲ ಕೇಳಿದ ಹಾಗಾಯಿತು.

"ಹೋಗ್ಬೇಡ. ಇನ್ನೂ ಇದ್ದೀನಿ."

ನಮ್ಮವರು ಕೈ ಕಟ್ಟಿದ್ದ ಹಾಗೇ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ತಪ್ಪಾಯ್ತು, ಅಭ್ಯಾಸಬಲ, ಆ ಕೊನೇದು ತೆಗೆದುಬಿಡಪ್ಪಾ," ಎಂದರು. ಕಿವಿ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಕಡೆ ನೋಡಿದ.

"ಮುಟ್ಟಿದ್ಯೋ ಕೈ ಮುರೀತೀನಿ," ಎಂದೆ. ಸ್ಟಾರ್‌ನ ಮಾತನ್ನು ತೆಗೆದು ಇವರ ಮಾತನ್ನೇ ಆ ಜಾಗದಲ್ಲಿ ಕೂರಿಸಿದೆವು. ಗೂಢಚಾರನ ಪ್ರತಿಯೊಂದು ಮಾತೂ ಸ್ಟಾರ್‌ನದೇ ಆಗಿರಬೇಕೆಂದು ಅವನ ಕಾಗದದಲ್ಲಿತ್ತು. ಗೊತ್ತಿದ್ದೇ ಮಾಡಿದೆ.

ಎರಡು ದಿನ ಬಿಟ್ಟು ಕಂಪನಿ ಹುಡುಗಿ ಮುಗಿದ ಕೆಲಸವನ್ನು ಕೇಳಿ ನೋಡಲು ಬಂದಳು. ಅದರ ಮರುದಿನ ಸಂಜೆಯೊಳಗೆ ಎಲ್ಲವೂ ಅವರ ಕೈಸೇರಬೇಕಿತ್ತು. ನಮ್ಮವರೂ ಬಂದಿದ್ದರು, ಮೂಲೆಯಲ್ಲಿ ಹಾಸಿಗೆಗೊರಗಿ ಟೀ ಕುಡಿಯುತ್ತಾ ಕೂತಿದ್ದರು. ನೆಲಮಾಳಿಗೆಯ ದೃಶ್ಯ ಬಂದಾಗ ಹುಡುಗಿ ಎರಡೂ ಫೋನ್ ಕೆಳಗಿಟ್ಟಳು. ಕೊನೆಯ ಮಾತು ಬಂದಾಗ ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಇದು... ಇದು ಸರ್ ಧ್ವನಿ ಅಲ್ವಾ? ನಾನು ಚಿಕ್ಕೋಳಿದ್ದಾಗಿಂದ ಕೇಳಿದೀನಿ," ಎಂದಳು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ಆಮೇಲೆ ಕಂಪನಿ ನೆನಪಾಗಿರಬೇಕು. ಫೋನ್ ಎತ್ತಿಕೊಂಡು ಹೊರಗೆ ಹೋದಳು. ಹತ್ತು ನಿಮಿಷ ಕನ್ನಡಕದಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿ ವಾಪಸ್ ಬಂದಳು.

"ಮೇಲಿನವರು ಒಪ್ತಿಲ್ಲ ಮೇಡಮ್. ಸದ್ದು ಇರ್ಲಿ, ಮಾತು ಮಾತ್ರ ಸ್ಟಾರ್‌ದೇ ಹಾಕಿ."

ಕಿವಿ ಮುಖ ಗಂಟಿಕ್ಕಿಕೊಂಡೇ ಹಾಕಿದ. ನಾಲ್ಕು ನಿಮಿಷ ಒಬ್ಬ ಸಾಯಬಿದ್ದು ನರಳಿದ. ಕೊನೆಗೆ ಇನ್ಯಾರೋ ಆಗತಾನೆ ಸ್ನಾನ ಮಾಡಿ ಬಂದು "ಇನ್ನೂ ಇದ್ದೀನಿ" ಎಂದ.

"ಕೇಳಿಸ್ತಾ?" ಎಂದೆ.

"ಕೇಳಿಸ್ತು," ಎಂದಳು ಹುಡುಗಿ, ಸಣ್ಣ ದನಿಯಲ್ಲಿ. "ಆದ್ರೆ ಜನಕ್ಕೆ ಅಷ್ಟೆಲ್ಲ ಗೊತ್ತಾಗಲ್ಲ. ಹೀಗೇ ಇರ್ಲಿ ಬಿಡಿ."

ನಾನು ಬಾಯಿ ತೆರೆದಿದ್ದೆ. ಹನ್ನೊಂದು ಸಾವಿನ ಸಿಟ್ಟೂ ನಾಲಿಗೆಯ ತುದಿಗೆ ಬಂದಿತ್ತು.

"ಆಗಲ್ಲ."

ಯಾರು ಅಂದದ್ದು ಎಂದು ತಿರುಗಿ ನೋಡಬೇಕಾಯಿತು. ನಮ್ಮವರು ಎದ್ದು ನಿಂತಿದ್ದರು. ಟೀ ಲೋಟ ಇನ್ನೂ ಕೈಯಲ್ಲೇ ಇತ್ತು. ಅದು ಗೂಢಚಾರನ ಧ್ವನಿಯಲ್ಲ. ತೆಳ್ಳಗಿನ, ದಾರಿ ಕೇಳುವವರ ಧ್ವನಿ. ನಮ್ಮ ಮನೆಯಲ್ಲಿ 'ಉಪ್ಪು ಎಲ್ಲಿದೆ' ಎಂದು ಕೇಳುವ ಧ್ವನಿ.

"ಏನ್ ಸರ್?"

"ಆಗಲ್ಲಮ್ಮ." ಲೋಟ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದರು. "ಏಟು ತಿಂದಿದ್ದು ನಾನು. ನೆಲಕ್ಕೆ ಬಿದ್ದಿದ್ದು ನಾನು. ಎದ್ದು ನಿಲ್ಲೋ ಹೊತ್ತಿಗೆ ಇನ್ನೊಬ್ರು ಬಂದು ನಿಂತ್ಕೊಳ್ಳೋದು ಆಗಲ್ಲ. ಆ ಮಾತು ನಂದು. ಅವನು ಅಲ್ಲಿಂದ ಮುಂದೆ ಆಡೋದೆಲ್ಲ ನಂದೇ ಆಗ್ಬೇಕು. ಇಲ್ಲಾಂದ್ರೆ ನನ್ನ ಸದ್ದೂ ಬೇಡ, ಎಲ್ಲ ಅಳಿಸಿಬಿಡಿ."

"ಸರ್, ಅದು ಕಂಪನಿ ಆಸ್ತಿ..."

"ಕಾಗದ ಎಲ್ಲಮ್ಮಾ?" ಎಂದರು. "ಸದ್ದಿಗೆಲ್ಲ ಯಾಕೆ ಅಂದ್ರಂತೆ ನೀವು."

ಸಿನಿಮಾ ಕಳ್ಳತನವಾಗಬಾರದೆಂದು ಒಂದೇ ಯಂತ್ರದಲ್ಲಿರಬೇಕು, ಇನ್ನೊಂದು ಪ್ರತಿ ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದವರೂ ಕಂಪನಿಯವರೇ. ಕಿವಿ ಒಂದು ಬಟನ್ ಒತ್ತಿದರೆ ಆ ದಿನದ ಏಟೆಲ್ಲ ಗಾಳಿಗೆ ಹೋಯಿತು.

ಕಿವಿ ನನ್ನ ಕಡೆ ನೋಡಿದ. ಮೇಲ್ವಿಚಾರಣೆ ನನ್ನದಲ್ಲವೇ, ಹೇಳಬೇಕಾದವಳು ನಾನು. ಸುಳ್ಳೇಕೆ, ಒಂದು ಕ್ಷಣ ನಾನೂ ಹೆದರಿದೆ. ಅಳಿಸಿದರೆ ನನ್ನ ಕೆಲಸವೂ ಹೋಗುತ್ತದೆ. ಮತ್ತೆ ಯಾವ ಕಂಪನಿಯೂ ನನ್ನನ್ನು ಬಾಗಿಲೊಳಗೆ ಬಿಡುವುದಿಲ್ಲ. ಈ ಸ್ಟುಡಿಯೋ ಈ ಸಿನಿಮಾದ ಮೇಲೆಯೇ ನಿಂತಿದೆ. ಇದೂ ಎದುರುಗಡೆಯ ಷಟರ್‌ಗಳ ಸಾಲಿಗೆ ಸೇರುತ್ತದೆ. ನಮ್ಮವರು ನನ್ನನ್ನು ನೋಡಲೇ ಇಲ್ಲ. ನನ್ನ ಒಪ್ಪಿಗೆ ಕೇಳದೆ ಅವರು ಮಾಡಿದ ಮೊದಲ ಕೆಲಸ ಇದು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಲ್ಲೇ ಅತ್ತುಬಿಡುತ್ತಿದ್ದೆ.

"ಅಳ್ಸೋ," ಎಂದೆ.

ಒತ್ತಿದ. ಸದ್ದೇನೂ ಬರಲಿಲ್ಲ. ತೆರೆಯ ಮೇಲೆ ಗೂಢಚಾರ ಮೂಕನಾಗಿ ಏಟು ತಿನ್ನುತ್ತಿದ್ದ.

ಹುಡುಗಿ ನಿಂತಲ್ಲೇ ಫೋನ್ ಒತ್ತಿದಳು. ಈ ಸಲ ಹೊರಗೆ ಹೋಗಲಿಲ್ಲ. "ಹೌದು ಸರ್, ಅಳಿಸಿದ್ರು... ಇಲ್ಲ ಸರ್, ಪ್ರತಿ ಇಲ್ಲ, ನಾವೇ ಬೇಡ ಅಂದಿದ್ವಿ... ಇಲ್ಲ, ಸ್ಟಾರ್ ಊರಲ್ಲಿಲ್ಲ..." ಕೊನೆಗೆ ಫೋನನ್ನು ನಮ್ಮವರ ಕಡೆ ಚಾಚಿ, "ಸರ್, ಅವರು ನಿಮ್ಮ ಹತ್ರಾನೇ ಮಾತಾಡ್ಬೇಕಂತೆ," ಎಂದಳು.

ನಮ್ಮವರು ಫೋನ್ ಮುಟ್ಟಲಿಲ್ಲ. "ಇವತ್ತು ಆಗಲ್ಲಮ್ಮ. ನಾಳೆ ಒಂಬತ್ತು ಗಂಟೆಗೆ ಬರ್ತೀನಿ. ಕಾಗದ ತಂದ್ರೆ ಕೆಲಸ ಮಾಡೋಣ. ತರದಿದ್ರೆ ಟೀ ಕುಡ್ಕೊಂಡು ಹೋಗ್ತೀನಿ," ಎಂದು ಲೋಟವನ್ನು ಮೇಜಿನ ಮೇಲಿಟ್ಟು ಚೀಲ ಹೆಗಲಿಗೇರಿಸಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಾರನೆಯ ದಿನ ಎಂಟೂಮುಕ್ಕಾಲಿಗೇ ಹುಡುಗಿ ಕಾಗದ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಸಂಜೆಯ ಗಡುವು ಇನ್ನೆರಡು ದಿನ ಮುಂದೆ ಹೋಯಿತು. ನೆಲಮಾಳಿಗೆಯಿಂದ ಮುಂದೆ ಗೂಢಚಾರ ಆಡುವುದೆಲ್ಲ ನಮ್ಮವರದು, ಅದಕ್ಕೆ ಮೊದಲಿನದು ಸ್ಟಾರ್‌ನದು. ಅವನನ್ನು ಹೇಗೆ ಒಪ್ಪಿಸಿದರೋ ಕಂಪನಿಯವರಿಗೇ ಗೊತ್ತು. ಕೈ ಕಟ್ಟಿಸಿಕೊಂಡು ಎಲ್ಲವನ್ನೂ ಮತ್ತೆ ಮಾಡಿದರು, ಮೊದಲಿಗಿಂತ ಚೆನ್ನಾಗಿ. ಸಿನಿಮಾ ಬಂದಮೇಲೆ ಒಬ್ಬ ವಿಮರ್ಶಕ ಬರೆದ: ಚಿತ್ರಹಿಂಸೆಯ ನಂತರ ನಾಯಕನ ಧ್ವನಿಯೇ ಬದಲಾಗುವುದು ಈ ಚಿತ್ರದ ಅದ್ಭುತ ಕಲ್ಪನೆ, ಒಬ್ಬ ಹುಡುಗ ನಮ್ಮ ಕಣ್ಣೆದುರೇ ಗಂಡಸಾಗುತ್ತಾನೆ, ಎಂದು. ಕಂಪನಿಯವರು ಅದು ತಮ್ಮದೇ ಐಡಿಯಾ ಎಂದು ಎಲ್ಲೆಡೆ ಹೇಳಿಕೊಂಡು ತಿರುಗಿದರು. ತಿರುಗಲಿ. ಮಾಲ್‌ಗೆ ನಾಲ್ಕನೇ ಹೆಸರು ಬಂದಿದೆ, ಟಾಯ್ಲೆಟ್ ಸೋರುತ್ತಿದೆ, ನಾವು ಮೂರನೇ ಮಹಡಿಯಲ್ಲೇ ಇದ್ದೇವೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಲ್ಲ. ಅಳಿಸಿ ಹೊರಟೆವಲ್ಲ, ಆ ಮಧ್ಯಾಹ್ನದ್ದು. ನಾಳೆ ಏನಾಗುತ್ತದೆಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಕಳೆದುಕೊಂಡಿದ್ದೇವೆ ಎಂದೇ ನಾನು ತಿಳಿದಿದ್ದೆ. ಮೆಟ್ಟಿಲಿಳಿಯುತ್ತಾ ಎರಡನೇ ಮಹಡಿಗೆ ಬರುವಷ್ಟರಲ್ಲಿ ನಮ್ಮವರು ಕಂಬಿ ಹಿಡಿದು ನಿಂತರು. ಹಣೆಯಲ್ಲಿ ಬೆವರು, ತುಟಿ ಬೆಳ್ಳಗಾಗಿತ್ತು. ನಾನು ತೋಳು ಹಿಡಿದುಕೊಂಡೆ.

"ನಿನ್ನ ಕೆಲಸಾನೂ ಹೋಯ್ತಲ್ಲೇ," ಎಂದರು. "ನಾನು ತಪ್ಪು ಮಾಡ್ಬಿಟ್ನಾ?"

"ಮಾಡಿದ್ರಿ," ಎಂದೆ. "ಹತ್ತೊಂಬತ್ತು ವರ್ಷ ತಡ ಮಾಡಿದ್ರಿ."